ರಾಬರ್ಟ್ ಯಾಕೆ ರಾಜನಾಗಲಿಲ್ಲ?

ಇಂಗ್ಲೆಂಡಿನ ಹಳೇ ರಾಜರ ಕಥೆ ಹೇಳಲು ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. ಗ್ಲಾಸ್ಟರ್‌ನ ಅರ್ಲ್ (ಅಂದರೆ ದೊಡ್ಡ ಸಾಮಂತ) ರಾಬರ್ಟ್, ರಾಜ ಒಂದನೇ ಹೆನ್ರಿಯ ಮಗ. ಕತ್ತಿ ಹಿಡಿಯಲೂ ಗೊತ್ತು, ಲ್ಯಾಟಿನ್ ಓದಲೂ ಗೊತ್ತು, ದುಡ್ಡಿಗೂ ಕೊರತೆ ಇಲ್ಲ. ಅಪ್ಪ ಸತ್ತ ಮೇಲೆ ಇವನೇ ಯಾಕೆ ಪಟ್ಟಕ್ಕೆ ಬರಲಿಲ್ಲ?

ಅವನ ತಾಯಿಯನ್ನು ಹೆನ್ರಿ ಮದುವೆಯಾಗಿರಲಿಲ್ಲ, ಅದಕ್ಕೆ. ಹಾಗಂದ ಕೂಡಲೇ ಮರುಪ್ರಶ್ನೆ: ಅವನ ತಾತ ವಿಲಿಯಂ ಕೂಡ ಹಾಗೇ ಹುಟ್ಟಿದವನಲ್ವಾ? ಹೌದು. ಆದರೂ 1035ರಲ್ಲಿ ಫ್ರಾನ್ಸಿನ ನಾರ್ಮಂಡಿಯ ಡ್ಯೂಕ್, ಅಂದರೆ ಅಲ್ಲಿನ ಒಡೆಯ ಆದ, 1066ರಲ್ಲಿ ಇಂಗ್ಲೆಂಡನ್ನೇ ಗೆದ್ದ. ಆದರೆ ಅವನ ಅಪ್ಪನಿಗೆ ಬೇರೆ ಗಂಡುಮಗ ಇರಲಿಲ್ಲ. ಆ ಅಪ್ಪ ಜೆರುಸಲೇಮ್ ಯಾತ್ರೆಗೆ ಹೊರಡುವ ಮುಂಚೆಯೇ ಇವನೇ ವಾರಸುದಾರ ಅಂತ ಸರದಾರರನ್ನು ಒಪ್ಪಿಸಿದ್ದ. ನೂರು ವರ್ಷದಲ್ಲಿ ಕಾಲ ಬದಲಾಯಿತು. ಯಾವುದು ಮದುವೆ, ಯಾರು ವಾರಸುದಾರ ಅನ್ನುವುದರಲ್ಲಿ ಚರ್ಚಿನ ಹಿಡಿತ ಬಿಗಿಯಾಯಿತು.

ಹೆನ್ರಿಗೆ ಹೀಗೆ ಹುಟ್ಟಿದ ಮಕ್ಕಳು ಸುಮಾರು 20 ಮಂದಿ. ಅವರನ್ನು ಅವನು ಮುಚ್ಚಿಡಲಿಲ್ಲ, ರಾಜ್ಯದ ಕೆಲಸಕ್ಕೆ ಬಳಸಿಕೊಂಡ. ರಾಬರ್ಟನಿಗೆ ಮೇಬಲ್ ಎಂಬ ಭಾರಿ ಆಸ್ತಿಯ ಹುಡುಗಿಯನ್ನು ತಂದ. ವೇಲ್ಸ್‌ನ ಗ್ಲಾಮರ್ಗನ್ ಕೂಡ ಅವಳ ಕಡೆಯಿಂದ ಬಂದದ್ದೇ. ಇವನು ಪಟ್ಟ ಕೇಳಲಾರ ಅನ್ನುವ ಧೈರ್ಯದಿಂದಲೇ ಅಪ್ಪ ಅಷ್ಟು ಬೆಳೆಸಿದ ಅಂತ ನನ್ನ ಅನಿಸಿಕೆ. 1120ರಲ್ಲಿ ರಾಣಿಯ ಮಗ ವಿಲಿಯಂ 'ವೈಟ್ ಶಿಪ್' ಹಡಗು ಮುಳುಗಿ ಸತ್ತಾಗಲೂ ಹೆನ್ರಿ ರಾಬರ್ಟನ ಕಡೆ ತಿರುಗಲಿಲ್ಲ. ಇನ್ನೊಂದು ಮದುವೆಯಾದ, ಮಕ್ಕಳಾಗಲಿಲ್ಲ. ಕೊನೆಗೆ ಮಗಳು ಮಟಿಲ್ಡಾಳನ್ನೇ ಒಪ್ಪುತ್ತೇವೆಂದು ಎಲ್ಲರಿಂದ ಆಣೆ ಮಾಡಿಸಿದ.

1135ರಲ್ಲಿ ಹೆನ್ರಿ ತೀರಿಕೊಂಡ. ನೀನೇ ರಾಜನಾಗು ಅಂತ ಕೆಲವರು ರಾಬರ್ಟನ ಕಿವಿಯಲ್ಲಿ ಊದಿದರಂತೆ. ತಂಗಿ ಮಟಿಲ್ಡಾಳ ಮಗನಿಗೆ ಸೇರಬೇಕಾದದ್ದು, ನನಗೆ ಬೇಡ ಅಂದನಂತೆ. ಅಷ್ಟರಲ್ಲಿ ಹೆನ್ರಿಯ ಸೋದರಳಿಯ ಸ್ಟೀಫನ್ ಓಡಿಬಂದು ಕಿರೀಟ ಹಾಕಿಸಿಕೊಂಡ. ರಾಬರ್ಟ್ 1136ರಲ್ಲಿ ಅವನಿಗೂ ತಲೆಬಾಗಿದ! ತ್ಯಾಗಮೂರ್ತಿ ಅಂತ ಹೊಗಳುವವರು ಇದನ್ನು ಸುಮ್ನೆ ದಾಟಿಬಿಡುತ್ತಾರೆ. ಪಟ್ಟಕ್ಕಾಗಿ ಸ್ಟೀಫನ್ ವಿರುದ್ಧ ನಿಂತ ತಂಗಿಯ ಪಕ್ಷಕ್ಕೆ ಬಂದದ್ದು 1138ರಲ್ಲಿ.

ಅವನ ಬೆಲೆ ಎಷ್ಟಿತ್ತು ಅನ್ನುವುದು 1141ರಲ್ಲಿ ಗೊತ್ತಾಯಿತು. ಫೆಬ್ರವರಿಯಲ್ಲಿ ಲಿಂಕನ್ ಕಾಳಗದಲ್ಲಿ ಸ್ಟೀಫನ್ ಸೆರೆಸಿಕ್ಕ. ರಾಬರ್ಟ್ ಅವನನ್ನು ಬ್ರಿಸ್ಟಲ್‌ನ ತನ್ನ ಕೋಟೆಯಲ್ಲಿಟ್ಟ. ಸೆಪ್ಟೆಂಬರಿನಲ್ಲಿ ವಿಂಚೆಸ್ಟರಿನಿಂದ ತಂಗಿ ತಪ್ಪಿಸಿಕೊಳ್ಳಲಿ ಅಂತ ಹಿಂದೆ ನಿಂತು ಕಾದಾಡಿದ ರಾಬರ್ಟನೂ ಸಿಕ್ಕಿಬಿದ್ದ. ಸ್ಟೀಫನ್‌ನನ್ನು ಕೊಟ್ಟು ರಾಬರ್ಟನನ್ನು ಬಿಡಿಸಿಕೊಳ್ಳೋಣ ಅಂತ ಮಾತುಕತೆ ಶುರುವಾಯಿತು. ಅದಕ್ಕೆ ಅಡ್ಡಿ ಹೇಳಿದವನು ರಾಬರ್ಟನೇ. ರಾಜನೂ ಅರ್ಲನೂ ಸಮ ಅಲ್ಲ, ನನ್ನ ಜೊತೆ ಸಿಕ್ಕಿಬಿದ್ದವರನ್ನೂ ಬಿಡಿ ಅಂತ ಹಟ ಹಿಡಿದ. ಅದು ನಡೆಯಲಿಲ್ಲ. ನವೆಂಬರ್ 1ರಂದು ಸ್ಟೀಫನ್ ಹೊರಬಂದ. ಅವನ ರಾಣಿಯೂ ಒಬ್ಬ ಮಗನೂ ಬ್ರಿಸ್ಟಲ್‌ನಲ್ಲಿ ಒತ್ತೆಯಾಗಿ ಉಳಿದರು. ಸ್ಟೀಫನ್ ವಿಂಚೆಸ್ಟರ್ ಮುಟ್ಟಿದ ಮೇಲೆ ರಾಬರ್ಟ್ ತನ್ನ ಮಗ ವಿಲಿಯಂನನ್ನು ಅಲ್ಲಿ ಒತ್ತೆಯಿಟ್ಟು ಹೊರಟ. ರಾಬರ್ಟ್ ಬ್ರಿಸ್ಟಲ್ ಸೇರಿದ ಮೇಲೆ ರಾಣಿ ಬಿಡುಗಡೆಯಾದಳು, ಆಮೇಲೆ ವಿಲಿಯಂ. ಎರಡೂ ಕಡೆಯವರಿಗೆ ಅಷ್ಟು ಅಪನಂಬಿಕೆ.

ರಾಬರ್ಟ್ 1147ರಲ್ಲಿ ಬ್ರಿಸ್ಟಲ್‌ನಲ್ಲಿ ಸತ್ತ. ತಂಗಿಯ ಮಗ 1154ರಲ್ಲಿ ಎರಡನೇ ಹೆನ್ರಿಯಾಗಿ ಪಟ್ಟಕ್ಕೆ ಬಂದ. ಅಂದಹಾಗೆ, ಮೇಬಲ್ ಜೊತೆ ರಾಬರ್ಟನದು ಚರ್ಚು ಒಪ್ಪಿದ ಮದುವೆ. ಹಾಗಾಗಿ ಆ ಒತ್ತೆಯಾಳು ಮಗ ವಿಲಿಯಂ ಅಪ್ಪನ ನಂತರ ಗ್ಲಾಸ್ಟರ್‌ನ ಅರ್ಲ್ ಆದ.