ಎಂಟುನೂರು ಮೀಟರ್ ಯಾರ ಕಾಲಿಗೆ?

“ಎಂಟುನೂರು ಮೀಟರ್ ಅಷ್ಟೇ ಅಮ್ಮ, ಅಲ್ಲಿ ಅಂಡರ್‌ಪಾಸ್ ಇದೆಯಲ್ಲ” ಎಂದರು ಇಂಜಿನಿಯರ್. ಬೀಡಿಯ ಚೀಲ ಹಿಡಿದು ನಿಂತಿದ್ದ ಹೆಂಗಸು ತುಳುವಿನಲ್ಲಿ ಏನೋ ಕೇಳಿದರು. ಪಂಚಾಯತ್ ಸದಸ್ಯರು ಅದನ್ನು ಕನ್ನಡದಲ್ಲಿ ಹೇಳಿದರು: “ಎಲ್ಲಿಂದ ಎಂಟುನೂರು ಅಂತ ಕೇಳ್ತಿದ್ದಾರೆ ಸಾರ್. ಗೇಟಿನಿಂದಲಾ, ಅವರ ಮನೆಯಿಂದಲಾ?” ಉತ್ತರ ಬರಲಿಲ್ಲ. ಸ್ಥಳ ತನಿಖೆ ಮುಗಿಯಿತು, ಜೀಪು ಹೊರಟಿತು.

ನೇತ್ರಾವತಿ ದಾಟಿ ಕೇರಳದ ಕಡೆ ಹೋಗುವ ರೈಲು ಹಳಿಯ ಒಂದು ಗೇಟನ್ನು ಮುಚ್ಚುವ ಮೊದಲಿನ ತನಿಖೆಯಲ್ಲಿ ಈ ವಾರ ನಡೆದ ಮಾತು ಇಷ್ಟೇ. ಹಳಿಯ ಪಡುಬದಿಗೆ ಮನೆಗಳು. ಹೆದ್ದಾರಿ, ಬಸ್ಸು, ಶಾಲೆ, ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚು ಎಲ್ಲ ಮೂಡುಬದಿಗೆ.

ಎಲ್ಲಿಂದ ಎಂಟುನೂರು? ಹಳಿಗುಂಟ ಅಳೆದರೆ ಅಷ್ಟು. ಗೇಟಿನ ಎದುರಿನ ಮನೆಯವರು ಹಳಿಯಾಚೆಯ ಬ್ರಾಂಚಿಗೆ ಹೋಗಲು ಬಡಗಿಗೆ 800 ಮೀಟರ್ ನಡೆದು, ದಾಟಿ, ತೆಂಕಿಗೆ ಮತ್ತೆ 800 ಮೀಟರ್ ಬರಬೇಕು. ಹೋಗಿ ಬಂದರೆ 3,200 ಮೀಟರ್. ಇಷ್ಟು ದಿನ ಹಳಿ ದಾಟಿದರೆ ಮುಗಿಯುತ್ತಿತ್ತು. ಹೊರೆ ಹಿಡಿದು ಗಂಟೆಗೆ 3 ಕಿ.ಮೀ. ನಡೆಯುವವರಿಗೆ ಇದು ದಿನಕ್ಕೆ ಒಂದು ಗಂಟೆಗೂ ಹೆಚ್ಚು. ಬಡಗು ತುದಿಯ ಮನೆಯವರಿಗೆ ಅದೇ ಅಂಡರ್‌ಪಾಸ್ ಹತ್ತಿರವೇ. ಹಾಗಾಗಿ ಊರಿಗೆಲ್ಲ ಒಂದೇ ಅಂಕಿ ಹೇಳುವುದೇ ತಪ್ಪು.

ಇಂಜಿನಿಯರ್ ಕೆಟ್ಟವರಲ್ಲ. ಅವರ ಕೈಯಲ್ಲಿದ್ದ ಲೆಕ್ಕವೇ ಹಾಗಿದೆ. ಗೇಟಿನ ಗಣತಿಯಲ್ಲಿ ದಿನದ ರೈಲುಗಳ ಸಂಖ್ಯೆಯನ್ನು ವಾಹನಗಳ ಸಂಖ್ಯೆಯಿಂದ ಗುಣಿಸುತ್ತಾರೆ. ಅದಕ್ಕೆ ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಎನ್ನುತ್ತಾರೆ. ಕಾರು, ಲಾರಿ, ಎತ್ತಿನಗಾಡಿ ಒಂದೊಂದು ಯೂನಿಟ್, ಆಟೋ ಅರ್ಧ. ನಡೆದು ದಾಟುವವರು ಆ ಗುಣಾಕಾರದಲ್ಲಿ ಬರುವುದೇ ಇಲ್ಲ. ಬೆಳಿಗ್ಗೆ ನೂರು ಮಕ್ಕಳು ದಾಟಿದರೂ ಒಂದು ಆಟೋದಷ್ಟು ತೂಕವಿಲ್ಲ. ಬೇಸರವಿರುವುದು ಸದಸ್ಯರ ಮೇಲೆ. ಪ್ರಶ್ನೆಯನ್ನು ಚೆನ್ನಾಗಿಯೇ ದಾಟಿಸಿದರು, ಆದರೆ ತನಿಖಾ ಟಿಪ್ಪಣಿಯಲ್ಲಿ ಬರೆಸಲಿಲ್ಲ. ಬರೆಸದ ಪ್ರಶ್ನೆಗೆ ಯಾವ ಕಚೇರಿಯೂ ಉತ್ತರ ಕೊಡುವುದಿಲ್ಲ.

ಗೇಟು ಮುಚ್ಚುವುದನ್ನೇ ವಿರೋಧಿಸಬೇಕೆಂದಲ್ಲ. ಬ್ರಾಡ್‌ಗೇಜ್ ಹಳಿಗಳ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿಯೊಳಗೆ ತೆಗೆದು ಮುಗಿಸಿದ್ದು ಜೀವ ಉಳಿಸುವ ಕೆಲಸ. ಪ್ರಶ್ನೆ ಇರುವುದು ಕಾಲುದಾರಿಯದು. ಕಾಮಗಾರಿಗೆಂದು ರಸ್ತೆ ಮುಚ್ಚುವಾಗ ಜಿಲ್ಲಾಧಿಕಾರಿ ಹೊರಡಿಸುವ ಆದೇಶ ಮೋಟಾರು ವಾಹನ ಕಾಯ್ದೆ 1988ರ ಕಲಂ 115ರದ್ದು. ಅದರಲ್ಲಿ ಬದಲಿ ದಾರಿ ತೋರಿಸುವುದು ವಾಹನಗಳಿಗೆ. ಗ್ರಾಮನಕ್ಷೆಯಲ್ಲಿ ತುಂಡುಗೆರೆಯಾಗಿ ಕಾಣುವ ಸಾರ್ವಜನಿಕ ಕಾಲುದಾರಿಯ ವಿಷಯ ಬೇರೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 67ರಂತೆ ಅದು ಸರ್ಕಾರದ ಸ್ವತ್ತು. ಅದರ ಮೇಲಿನ ಜನರ ಹಕ್ಕು ತೆಗೆಯಲು ಕಲಂ 68ರಂತೆ ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಇತ್ತ ಗೇಟು ಕಿತ್ತು ಬೇಲಿ ಹಾಕಿದ ಮರುದಿನ ಅದೇ ಜಾಗದಲ್ಲಿ ದಾಟಿದರೆ ರೈಲ್ವೆ ಕಾಯ್ದೆ 1989ರ ಕಲಂ 147: ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಿನ್ನೆವರೆಗೆ ಹಾಲು ತಂದ ದಾರಿಯಲ್ಲಿ ಇವತ್ತು ನಡೆದರೆ ಕೇಸು.

ಮೇಲ್ಸೇತುವೆ ಕೊಡುತ್ತೇವೆ ಎಂದರೆ ಹಿಗ್ಗಬೇಡಿ. ವಿದ್ಯುತ್ ತಂತಿಯ ಹಳಿಯ ಮೇಲೆ 6 ಮೀಟರಿಗೂ ಹೆಚ್ಚು ಎತ್ತರ ಬೇಕು. 15 ಸೆಂ.ಮೀ.ನ ಮೆಟ್ಟಿಲಾದರೆ ನಲ್ವತ್ತು ದಾಟುತ್ತದೆ. ಮಂಡಿನೋವಿನವರು ಹತ್ತುವುದಿಲ್ಲ, ಬೇಲಿಯ ಕಿಂಡಿ ಹುಡುಕುತ್ತಾರೆ. ನಡೆಯುವವರಿಗೆ ಮಾತ್ರವಾದ ಸಣ್ಣ ಸುರಂಗದಾರಿಗೆ ಎರಡೂವರೆ ಮೀಟರ್ ಎತ್ತರ ಸಾಕು, ಇಳಿಜಾರೂ ಕಡಿಮೆ. ನಮ್ಮಲ್ಲಿ ಅದನ್ನು ಕೆಡಿಸುವುದು ನೀರು. ಮಳೆಗಾಲದಲ್ಲಿ ಮುರಕಲ್ಲಿನ ನೆಲದೊಳಗಿನ ನೀರು ಮೇಲೇರಿ, ಸುರಂಗಕ್ಕೆ ಜೋಡಿಸಿದ ಕಾಂಕ್ರೀಟ್ ಬಾಕ್ಸ್‌ಗಳ ಸಂದಿನಿಂದ ಒಳಗೆ ಒಸರುತ್ತದೆ. ಪಂಪು ನಂಬಿದರೆ, ಕರೆಂಟು ಹೋದ ದಿನ ದಾರಿಯೂ ಹೋಯಿತು. ತಳದ ನೀರು ತಾನಾಗಿ ತೋಡಿಗೆ ಹರಿಯುವಷ್ಟು ಇಳುಕಲು ಇದೆಯೇ ಎಂದು ಮೊದಲು ಲೆವೆಲ್ ಹಿಡಿದು ನೋಡಬೇಕು. ಬಾಯಿಯಲ್ಲಿ ಒಂದು ಉಬ್ಬು, ಅದರಾಚೆ ಅಡ್ಡ ಚರಂಡಿ, ಇಳಿಜಾರಿನ ಮೇಲೆ ಶೀಟಿನ ಮಾಡು ಬೇಕೇ ಬೇಕು.

ಹಳಿಗುಂಟ ಹೊಸ ಓಣಿ ತೆಗೆಯುವುದಾದರೆ ತೊಡಕು ಜಾಗದ್ದು. “ನಮ್ಮ ಗದ್ದೆಹುಣಿಯಲ್ಲಿ ಹೋಗಲಿ ಮಾರಾಯ್ರೆ” ಎಂದು ಗದ್ದೆಯವರು ಬದುವಿನ ಮೇಲೆ ದಾರಿ ಬಿಡುವ ಬಾಯಿಮಾತು ಅವರ ಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಮಾತ್ರ. ಸರ್ವೆಯವರಿಂದ, ಜಮೀನಿನಲ್ಲಿ ಬಿಟ್ಟುಕೊಡುವ ಭಾಗವನ್ನು ತೋರಿಸುವ 11ಇ ನಕ್ಷೆ ಮಾಡಿಸಿ, ಪಂಚಾಯತಿಗೆ ದಾನಪತ್ರ ನೋಂದಾಯಿಸಿ, ಪಹಣಿಯಲ್ಲಿ ಬದಲಾವಣೆ ಆಗಬೇಕು. ಅಗಲ ಎರಡು ಮೀಟರಿಗಿಂತ ಕಡಿಮೆ ಬೇಡ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬರುವವರಿಗೆ ಅಷ್ಟು ಬೇಕು.

ಪಂಚಾಯತ್ ಒಪ್ಪಿಗೆಯ ನಿರ್ಣಯ ಬರೆಯುವ ಮೊದಲೇ ಊರವರು ತಮ್ಮದೇ ಗಣತಿ ಮಾಡಬೇಕು. ಏಳು ದಿನ, ಬೆಳಿಗ್ಗೆ 6ರಿಂದ 10, ಸಂಜೆ 3ರಿಂದ 7. ಎಷ್ಟು ಮಂದಿ ಎಂದಷ್ಟೇ ಬರೆದರೆ ಸಾಲದು. ಯಾವ ಮನೆಯಿಂದ ಎಲ್ಲಿಗೆ, ಕೈಯಲ್ಲೇನು, ಊರುಗೋಲು ಇದೆಯೇ ಎಂಬುದೂ ಬೇಕು. ಆಮೇಲೆ ಪ್ರತಿ ಮನೆಯ ಅಂಗಳದಿಂದ ಹಳೆಯ ದಾರಿಯನ್ನೂ ಹೊಸದನ್ನೂ ನಡೆದೇ ಅಳೆದು ಎರಡು ಕಾಲಮ್ಮಿನಲ್ಲಿ ಬರೆಯಬೇಕು. ನಿರ್ಣಯದಲ್ಲಿ ಒಂದು ವಾಕ್ಯ ತಪ್ಪದೆ ಇರಲಿ: ಬದಲಿ ಕಾಲುದಾರಿ ಒಂದು ಮಳೆಗಾಲ ದಾಟಿದ ಮೇಲೆಯೇ ಗೇಟಿನ ದಾರಿಗೆ ಬೇಲಿ.

ಪಟ್ಟಿಯ ಮೊದಲ ಸಾಲು ಬೀಡಿ ಚೀಲದ ಆ ಹೆಂಗಸಿನ ಮನೆಯದಾಗಲಿ. ಎಲ್ಲಿಂದ ಅಳೆಯಬೇಕೆಂದು ಕೇಳಿದವರು ಅವರೊಬ್ಬರೇ.