ಫುಲ್ ಎ ಪ್ಲಸ್ ಬಾರದವರು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಕಾಸರಗೋಡಿನ ನಮ್ಮ ಬದಿಯಡ್ಕ ಪೇಟೆಯಲ್ಲಿ ಎಲ್ಲಿ ನೋಡಿದರೂ ಫುಲ್ ಎ ಪ್ಲಸ್, ಅಂದರೆ ಎಲ್ಲ ವಿಷಯಕ್ಕೂ ಎ ಪ್ಲಸ್ ಬಂದ ಮಕ್ಕಳ ಫ್ಲೆಕ್ಸ್. ಖುಷಿಯೇ. ಆದರೆ ಡಿ ಪ್ಲಸ್ ಬಂದವರೂ ಪಾಸೇ ಅಲ್ವಾ? ನಮ್ಮ ಪಕ್ಕದ ಮನೆಯ ಹುಡುಗ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾನೆ. "ಎಷ್ಟು ಎ ಪ್ಲಸ್?" ಅಂತ ಎಲ್ಲರೂ ಕೇಳುತ್ತಾರಂತೆ.

ನಿನ್ನೆ ಅವನು ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣ ಮಾಡುತ್ತಿದ್ದ. ನೂರು ಲೀಟರ್ ನೀರಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತಿನ ನೀರನ್ನು ನಿಧಾನಕ್ಕೆ ಹೊಯ್ದ. ಆಮೇಲೆ ಕತ್ತಿ ಅದ್ದಿ ನೋಡಿದ. ಅಲಗಿಗೆ ತುಕ್ಕಿನ ಬಣ್ಣ ಹತ್ತಿತು. "ಸುಣ್ಣ ಸಾಲದು ಮಾವ" ಎಂದು ಇನ್ನಷ್ಟು ಹಾಕಿದ. ಇದು ರಸಾಯನಶಾಸ್ತ್ರ ಅಲ್ಲದೆ ಮತ್ತೇನು? ಇವನನ್ನು ದಡ್ಡ ಅನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಗೆಲುವು ಸೋಲಿನ ಮಾತು ಬಂದಾಗ ನಮ್ಮ ಕವಿ ಕಯ್ಯಾರ ಕಿಞ್ಞಣ್ಣ ರೈ ನೆನಪಾಗುತ್ತಾರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದ 1967ರ ಮಹಾಜನ ಗಡಿ ಆಯೋಗದ ವರದಿ ಜಾರಿಯಾಗಲೇ ಇಲ್ಲ. ಕಯ್ಯಾರರು ಮಾತ್ರ ಆ ಬೇಡಿಕೆ ಬಿಡಲಿಲ್ಲ. 2015ರಲ್ಲಿ, ನೂರು ತುಂಬಿದ ಮೇಲೆ ತೀರಿಕೊಂಡರು. ಅವರನ್ನು ಸೋತವರು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ನಮ್ಮೂರಲ್ಲಿ ಮಕ್ಕಳು ಇಂದಿಗೂ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದಾರೆ.