ಬಾತು ಸಾಕುವ ಮುಂಚೆ: ಯಾತಕ್ಕೆ ಬೇಕು?

ಯಾವ ತಳಿಯ ಬಾತು ತರಲಿ ಅಂತ ಕೇಳಿದವರಿಗೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಯಾತಕ್ಕೆ?

ಮೊಟ್ಟೆಗೆ ಅಂದರೆ ಖಾಕಿ ಕ್ಯಾಂಪ್‌ಬೆಲ್. ಒಳ್ಳೆಯ ಮಂದೆಯಲ್ಲಿ ಒಂದೊಂದು ಹೆಣ್ಣು ವರ್ಷಕ್ಕೆ 250ರಿಂದ 300 ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುವುದು ಅಪರೂಪ. ಹಾಗಾಗಿ ನಾನು ಅದರ ಮೊಟ್ಟೆಗಳನ್ನು ಕಾವಿಗೆ ಕೂತ ಕೋಳಿಯ ಅಡಿಯಲ್ಲಿ ಇಡುತ್ತೇನೆ. 28 ದಿನ ಬೇಕು, ಕೋಳಿಮರಿಗಿಂತ ಒಂದು ವಾರ ಜಾಸ್ತಿ. ಕೋಳಿ ಮಧ್ಯದಲ್ಲೇ ಎದ್ದುಹೋಗದ ಹಾಗೆ ನೋಡಿಕೊಳ್ಳಬೇಕು.

ಮಾಂಸಕ್ಕಾದರೆ ಬಿಳಿ ಪೆಕಿನ್. 7–8 ವಾರಕ್ಕೆ ಸುಮಾರು 3 ಕೆ.ಜಿ. ತೂಗುತ್ತದೆ. ಆಮೇಲೂ ಸುಮ್ನೆ ಇಟ್ಟುಕೊಂಡರೆ ಮೇವು ಖರ್ಚಾಗುತ್ತದೆ, ಹೊಸ ಗರಿ ಮೊಳೆತು ಪುಕ್ಕ ಕೀಳುವುದೂ ಕಷ್ಟ.

ನನ್ನ ಮನಸ್ಸು ಮಾತ್ರ ಮಸ್ಕೋವಿಯ ಕಡೆ. ಕೆಂಪು ಗಂಟುಗಳ ಆ ಮುಖ ಕೆಲವರಿಗೆ ಹಿಡಿಸುವುದಿಲ್ಲ, ನನಗೆ ಬಲು ಇಷ್ಟ. ಇದು ಬೇರೆಯೇ ಜಾತಿ. ಉಳಿದ ಸಾಕುಬಾತುಗಳು ಮಲ್ಲಾರ್ಡ್ ಕಾಡುಬಾತಿನಿಂದ ಬಂದವು. ಮಸ್ಕೋವಿ ಗದ್ದಲ ಮಾಡುವುದಿಲ್ಲ, ಗಂಡು ಬುಸುಗುಡುತ್ತದೆ ಅಷ್ಟೆ. ತಾಯಿಯೇ 35 ದಿನ ಕಾವು ಕೂತು ಮರಿ ಮಾಡುತ್ತದೆ. ಪೆಕಿನ್ ಜೊತೆ ಕೂಡಿದರೆ ಹುಟ್ಟುವ ಮರಿಗಳಿಗೆ ಸಂತಾನವಾಗುವುದಿಲ್ಲ, ಆದ್ದರಿಂದ ಬೇರೆ ಬೇರೆ ಇಡಿ.

ಪ್ರದರ್ಶನಕ್ಕೆ ಕಾಲ್ ಡಕ್ ಚೆಂದ. ಪುಟ್ಟ ದೇಹ, ಗಿಡ್ಡ ಕೊಕ್ಕು. ಆದರೆ ಹೆಣ್ಣಿನ ಕೂಗು ಜೋರು, ಅಕ್ಕಪಕ್ಕದವರನ್ನು ಮೊದಲೇ ಕೇಳಿಕೊಳ್ಳಿ.

ತಳಿ ಯಾವುದೇ ಇರಲಿ, ಕುಡಿಯುವ ನೀರು ಮೂಗಿನ ಹೊಳ್ಳೆ ಮುಳುಗುವಷ್ಟು ಆಳ ಇರಬೇಕು.